ಕತ್ತೆಗಳಿದ್ದ ಪೇಟೆ

1970ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯ ನಮ್ಮೂರಿನಲ್ಲಿ ಕುದುರೆ ಅಪರೂಪ. ಬಸ್ ನಿಲ್ದಾಣದೆದುರು ನಿಲ್ಲುತ್ತಿದ್ದ ಜಟಕಾಗಳನ್ನು ಬಿಟ್ಟರೆ ಅದು ಕಣ್ಣಿಗೆ ಬೀಳುತ್ತಿದ್ದುದು ಕಡಿಮೆ. ಕುದುರೆಯ ಹತ್ತಿರದ ನೆಂಟನಾದ ಕತ್ತೆ ಮಾತ್ರ ಎಲ್ಲ ಬೀದಿಯಲ್ಲೂ ಇತ್ತು. ಊರಿನ ಬಟ್ಟೆ, ಊರಿನ ಮರಳು, ಊರಿನ ಇಟ್ಟಿಗೆ ಅದರ ಬೆನ್ನ ಮೇಲೆಯೇ ಓಡಾಡುತ್ತಿದ್ದವು.

ಮಡಿವಾಳರ ಕೇರಿಯಲ್ಲಿ ಪ್ರತಿ ಮನೆಗೂ ಕತ್ತೆಗಳಿದ್ದವು. ಬೆಳಗ್ಗೆ ಮನೆಮನೆಯ ಮೈಲಿಗೆ ಬಟ್ಟೆಯನ್ನು ಗಂಟು ಕಟ್ಟಿ, ಕತ್ತೆಯ ಎರಡೂ ಪಕ್ಕಕ್ಕೆ ಸಮತೂಕದಲ್ಲಿ ಇಳಿಬಿಟ್ಟು ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಯಾರ ಬಟ್ಟೆ ಯಾರದೆಂದು ತಿಳಿಯಲು ಕೇರುಬೀಜದ ರಸದಿಂದ ಅಂಚಿನಲ್ಲಿ ಗುರುತು ಹಾಕಿರುತ್ತಿದ್ದರು. ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಕಲ್ಲಿಗೆ ಒಗೆದು, ಒಣಗಿಸಿ ಸಂಜೆ ಅದೇ ಕತ್ತೆಗಳ ಮೇಲೆ ತರುತ್ತಿದ್ದರು. ಇದಕ್ಕೆ ಅವರಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಅಳೆದು ಕೊಡುವ ರಾಗಿ, ಜೋಳ, ಹಬ್ಬದ ದಿನದ ಊಟ. ನಮ್ಮ ಮನೆಯಲ್ಲಿ ಅಮ್ಮ ಅವರನ್ನು ‘ಅಣ್ಣಾ’ ಎಂದು ಕರೆಯುತ್ತಿದ್ದಳು, ಆದರೆ ಗಂಟು ಮಾತ್ರ ಹಿತ್ತಲ ಬಾಗಿಲಲ್ಲೇ ಕೊಡುತ್ತಿದ್ದಳು. ಆ ಕಾಲದ ನೆನಪು ಹೇಳುವಾಗ ಇದನ್ನೂ ಹೇಳಲೇಬೇಕು.

ಕೋಟೆ ಬದಿಯ ಇಕ್ಕಟ್ಟಿನ ಓಣಿಗಳಿಗೆ ಎತ್ತಿನ ಗಾಡಿ ಬರುತ್ತಿರಲಿಲ್ಲ. ಅಲ್ಲಿ ಮನೆ ಕಟ್ಟುವವರಿಗೆ ಹಳ್ಳದ ಮರಳು ತಂದುಕೊಡುತ್ತಿದ್ದುದು ಕತ್ತೆಗಳೇ. ಗೋಣಿತಾಟಿನ ಜೋಳಿಗೆಯಲ್ಲಿ ಮರಳು ತುಂಬಿ ಸಾಲಾಗಿ ಬಿಟ್ಟರೆ, ಯಾರೂ ಹಗ್ಗ ಹಿಡಿಯದೆಯೂ ದಾರಿ ತಪ್ಪದೆ ಬಂದು ನಿಲ್ಲುತ್ತಿದ್ದವು. ಕತ್ತೆಗೆ ಬುದ್ಧಿಯಿಲ್ಲ ಎನ್ನುವವರು ಆ ಸಾಲನ್ನು ನೋಡಿರಲಾರರು.

ಅವುಗಳ ಬಾಳು ಸುಖದ್ದೇನೂ ಆಗಿರಲಿಲ್ಲ. ಬೆನ್ನಿನ ಹುಣ್ಣು ಮಾಯುವ ಮೊದಲೇ ಮತ್ತೆ ಹೊರೆ ಬೀಳುತ್ತಿತ್ತು. ಉಸಿರಾಟ ಸಲೀಸಾಗುತ್ತದೆಂದು ನಂಬಿ ಮೂಗಿನ ಹೊಳ್ಳೆ ಸೀಳುತ್ತಿದ್ದರು. ಕೆಲಸವಿಲ್ಲದಾಗ ದೂರ ಹೋಗದಂತೆ ಮುಂಗಾಲುಗಳನ್ನು ಕಟ್ಟಿ ಬಿಡುತ್ತಿದ್ದರು. ಅವು ಕುಪ್ಪಳಿಸುತ್ತ ಹೋಗಿ ತಿಪ್ಪೆ ಕೆದಕಿ, ಗೋಡೆಯ ಸಿನಿಮಾ ಪೋಸ್ಟರನ್ನು ಮೈದಾ ಅಂಟಿನ ಆಸೆಗೆ ಕಿತ್ತು ತಿನ್ನುತ್ತಿದ್ದವು. ಮೇವು ಹಾಕಿ ಸಾಕುವಷ್ಟು ಒಡೆಯರೂ ಉಳ್ಳವರಾಗಿರಲಿಲ್ಲ. ಬಡವನ ಪ್ರಾಣಿಗೆ ಬಡವನ ಪಾಲೇ ಸಿಗುತ್ತಿತ್ತು.

ಈಗ ಆ ಊರಿನಲ್ಲಿ ಕತ್ತೆ ಹುಡುಕಬೇಕು. ಮನೆಮನೆಗೂ ನಲ್ಲಿ ಬಂತು, ವಾಷಿಂಗ್ ಮೆಷಿನ್ ಬಂತು. ಮಡಿವಾಳರ ಮಕ್ಕಳು ಇಸ್ತ್ರಿ ಅಂಗಡಿ ಇಟ್ಟರು, ಓದಿ ಬೇರೆ ಕೆಲಸ ಹಿಡಿದರು; ಅದು ಒಳ್ಳೆಯದೇ ಆಯಿತು. ಮರಳಿಗೆ ಟ್ರ್ಯಾಕ್ಟರ್, ಓಣಿಗೆ ಮೂರು ಚಕ್ರದ ಲಗೇಜ್ ಆಟೊ ಬಂದವು. ಕೆಲಸ ಹೋದ ಮೇಲೆ ಎತ್ತನ್ನು ಪೂಜಿಸಿಯಾದರೂ ಇಟ್ಟುಕೊಳ್ಳುವ ಮನೆಗಳುಂಟು. ಕತ್ತೆಗೆ ಅಂಥ ಮನೆ ಸಿಗಲಿಲ್ಲ. ಮಳೆ ತಪ್ಪಿದ ವರ್ಷ ಮದುವೆ ಮಾಡಿಸಲಷ್ಟೇ ಊರಿಗೆ ಅದರ ನೆನಪಾಗುತ್ತದೆ.

2012ರ ಜಾನುವಾರು ಗಣತಿಯಲ್ಲಿ ದೇಶದ ಕತ್ತೆಗಳ ಸಂಖ್ಯೆ ಸುಮಾರು 3.2 ಲಕ್ಷ. 2019ರಲ್ಲಿ ಅದು 1.2 ಲಕ್ಷ. ಏಳೇ ವರ್ಷದಲ್ಲಿ ಶೇ 61ರಷ್ಟು ಇಳಿಯಲು ಯಂತ್ರವೊಂದೇ ಕಾರಣವಲ್ಲ. ಕತ್ತೆಯ ಚರ್ಮ ಬೇಯಿಸಿ ತೆಗೆಯುವ ಅಂಟಿನಿಂದ ಚೀನಾದಲ್ಲಿ ‘ಎಜಿಯಾವೊ’ ಎಂಬ ಔಷಧಿ ಮಾಡುತ್ತಾರೆ. ಅದರ ಬೇಡಿಕೆಗೆ ಆಫ್ರಿಕಾದ ಕತ್ತೆಗಳು ಎಷ್ಟು ಬಲಿಯಾದವೆಂದರೆ, 2024ರ ಫೆಬ್ರುವರಿಯಲ್ಲಿ ಆಫ್ರಿಕಾ ಒಕ್ಕೂಟವೇ ಚರ್ಮಕ್ಕಾಗಿ ಕತ್ತೆ ಕಡಿಯುವುದನ್ನು ತನ್ನ ದೇಶಗಳಲ್ಲಿ ನಿಲ್ಲಿಸಲು ತೀರ್ಮಾನಿಸಿತು. ನಮ್ಮಲ್ಲಿ ಕತ್ತೆ ಆಹಾರದ ಪ್ರಾಣಿಗಳ ಪಟ್ಟಿಯಲ್ಲಿಲ್ಲ. ಆದರೂ ಆಂಧ್ರದ ಕರಾವಳಿಯ ಕೆಲವು ಜಿಲ್ಲೆಗಳಲ್ಲಿ ಅದರ ಮಾಂಸದಿಂದ ಶಕ್ತಿ ಬರುತ್ತದೆಂಬ ನಂಬಿಕೆಯಿಂದ ಕಳ್ಳವ್ಯಾಪಾರ ನಡೆದಿದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಟ್ಟು ನೋಡಬೇಕು. ಗುಜರಾತಿನ ಕಚ್ಛದ ಸಣ್ಣ ರಣದಲ್ಲಿ ಕಾಡುಕತ್ತೆಗಳಿವೆ. 1973ರಲ್ಲಿ ಅವುಗಳಿಗೆಂದೇ ಅಭಯಾರಣ್ಯ ಆಯಿತು, ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. 2020ರಲ್ಲಿ 6,082 ಇದ್ದವು 2024ರ ಎಣಿಕೆಗೆ 7,672 ಆದವು. ಕಾಯುವ ಮನಸ್ಸಿದ್ದಲ್ಲಿ ಕುದುರೆಯ ಈ ನೆಂಟ ಹೆಚ್ಚಿದ್ದಾನೆ. ನಮ್ಮ ಹೊರೆ ಹೊತ್ತ ನೆಂಟ ಅದೇ ದೇಶದಲ್ಲಿ ಕರಗಿದ್ದಾನೆ.

ಈಗ ಕತ್ತೆಯ ಹೆಸರು ಮತ್ತೆ ಕೇಳುತ್ತಿರುವುದು ಹಾಲಿನಿಂದ. ನಾನು ಹುಡುಗನಾಗಿದ್ದಾಗ ಮರಿಗತ್ತೆಯ ಜೊತೆ ತಾಯಿಗತ್ತೆಯನ್ನು ಬೀದಿಯಲ್ಲಿ ಹೊಡೆದುಕೊಂಡು ಬಂದು, ಕೆಮ್ಮು, ದಮ್ಮು ಹೋಗುತ್ತದೆಂದು ಹೇಳಿ ಕೂಸುಗಳಿಗೆ ಒಳಲೆಯಲ್ಲಿ ಹಾಲು ಕರೆದುಕೊಡುತ್ತಿದ್ದರು. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು ಎನ್ನುವುದು ವೈದ್ಯರ ಖಚಿತ ಮಾತು. ಹಸಿ ಹಾಲು ಹಾಕಿಸುವ ರೂಢಿ ನಿಲ್ಲಬೇಕು. ಆದರೆ ಸಾಬೂನು, ಕ್ರೀಮುಗಳಿಗೆ ಆ ಹಾಲಿಗೆ ಈಗ ಬೇಡಿಕೆಯಿದೆ. ಬಂಟ್ವಾಳ ತಾಲ್ಲೂಕಿನಲ್ಲಿ 2022ರಲ್ಲಿ ಕತ್ತೆ ಸಾಕಣೆ ಕೇಂದ್ರವೇ ಶುರುವಾಯಿತು. ಕತ್ತೆ ದಿನಕ್ಕೆ ಕೊಡುವ ಹಾಲು ಬಹಳ ಕಡಿಮೆ, ಗಬ್ಬದ ಕಾಲ ಹೆಚ್ಚುಕಡಿಮೆ ಒಂದು ವರ್ಷ. ಆದ್ದರಿಂದ ಲೀಟರಿನ ಬೆಲೆ ಕೇಳಿ ಸಾಲ ಮಾಡುವವರು ಎಚ್ಚರದಿಂದಿರಬೇಕು.

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಸಾಕಣೆಯ ಉದ್ಯಮಕ್ಕೂ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನ ಕೊಡಲು ಒಪ್ಪಿತು. ಉಳಿದರ್ಧ ಬಂಡವಾಳ ಹೂಡಬಲ್ಲವರಿಗೆ ಇದು ಅನುಕೂಲ. ತಲೆಮಾರುಗಳಿಂದ ಕತ್ತೆಯ ಕಾಲು, ಗೊರಸು, ಹೊಟ್ಟೆನೋವು ಎಲ್ಲ ಬಲ್ಲ ಮನೆಗಳ ಬಳಿ ಅಷ್ಟು ಹಣವಿಲ್ಲ. ನಾಲ್ಕೈದು ಕತ್ತೆ ಉಳಿಸಿಕೊಂಡಿರುವ ಆ ಮನೆಗಳಿಗೂ ನೆರವು ದಕ್ಕುವ ಹಾಗೆ ಪಶುಪಾಲನಾ ಇಲಾಖೆ ಯೋಜನೆ ರೂಪಿಸಬೇಕು, ಹಸು ಎಮ್ಮೆಗೆ ಬರುವ ವೈದ್ಯರು ಕತ್ತೆಯ ಬಳಿಗೂ ಹೋಗಬೇಕು. ಇಂಥ ಮನೆಗಳು ಇನ್ನೂ ಇರುವಾಗಲೇ ಇದು ಆಗಬೇಕು.