ಅರ್ಧ ಬೆಲೆಯ ಪ್ಲೇಟೋ

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ವೆಲ್ಲೂರಿನಿಂದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಬಂದ ಹುಡುಗನೊಬ್ಬನಿಗೆ ಬಿ.ಎ.ಗೆ ಯಾವ ವಿಷಯ ಹಿಡಿಯಬೇಕೆಂಬುದು ಗೊತ್ತಿರಲಿಲ್ಲ. ಗಣಿತವೋ, ಭೌತಶಾಸ್ತ್ರವೋ, ಚರಿತ್ರೆಯೋ ಎಂದು ತೂಗಾಡುತ್ತಿದ್ದ. ಮನೆಯಲ್ಲಿ ದುಡ್ಡಿನ ಮುಗ್ಗಟ್ಟು. ಅಷ್ಟರಲ್ಲಿ ಅದೇ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದ ನೆಂಟರ ಹುಡುಗನೊಬ್ಬ ತನ್ನ ಹಳೆಯ ಪಠ್ಯಪುಸ್ತಕಗಳನ್ನು ಇವನ ಕೈಗೆ ದಾಟಿಸಿದ: ಸ್ಟೌಟ್ ಬರೆದ ಮನಶ್ಶಾಸ್ತ್ರದ ಕೈಪಿಡಿ, ವೆಲ್ಟನ್‌ನ ತರ್ಕಶಾಸ್ತ್ರ, ಮೆಕೆಂಜಿಯ ನೀತಿಶಾಸ್ತ್ರ. ಪುಸ್ತಕ ಪುಕ್ಕಟೆ ಬಂತು, ವಿಷಯ ಇತ್ಯರ್ಥವಾಯಿತು. ಹುಡುಗನ ಹೆಸರು ಸರ್ವೇಪಲ್ಲಿ ರಾಧಾಕೃಷ್ಣನ್. ಮುಂದೆ ಇದನ್ನು ಅವರೇ ಬರೆದುಕೊಂಡಿದ್ದಾರೆ.

ಈ ಕಥೆ ಹೇಳುವವರೆಲ್ಲ ದೈವಸಂಕಲ್ಪದ ಕಡೆಗೆ ಬೆರಳು ತೋರಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ಈ ಲೇಖಕನಿಗೆ ಮಾತ್ರ ಆ ಮೂರು ಪುಸ್ತಕಗಳ ಮೇಲೇ ಕಣ್ಣು. ಚೆನ್ನೈನ ಕಾಲೇಜೊಂದರಲ್ಲಿ ಮೊದಲ ವರ್ಷದ ಮಕ್ಕಳಿಗೆ ಪಾಶ್ಚಾತ್ಯ ತತ್ತ್ವಶಾಸ್ತ್ರದ ಅ ಆ ಇ ಈ ಹೇಳಿಕೊಡುತ್ತಲೇ ತಲೆ ಬೆಳ್ಳಗಾದವನು ಇವನು. ಪುಸ್ತಕದಲ್ಲಿ ಏನಿದೆ ಎಂಬುದಕ್ಕಿಂತ ಅದು ಯಾರ ಕೈಗೆಂದು ಅಚ್ಚಾಯಿತು, ಎಷ್ಟಕ್ಕೆ ಸಿಕ್ಕಿತು, ಎಷ್ಟು ಕೈ ದಾಟಿತು ಎಂಬುದರಲ್ಲೇ ಇವನಿಗೆ ಹೆಚ್ಚು ಆಸಕ್ತಿ.

ಆ ಮೂರನ್ನೂ ಹೊರತಂದದ್ದು ಲಂಡನ್ನಿನ ಡಬ್ಲ್ಯು. ಬಿ. ಕ್ಲೈವ್ ಪ್ರಕಾಶನ, ತನ್ನ ಟ್ಯುಟೋರಿಯಲ್ ಮಾಲೆಯಲ್ಲಿ. ವಿಲಿಯಂ ಬ್ರಿಗ್ಸ್ ಎಂಬಾತ 1887ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಕಾಲೇಜೊಂದನ್ನು ಶುರುಮಾಡಿದ್ದ. ಕಾಲೇಜಿನ ಮೆಟ್ಟಿಲು ಹತ್ತಲಾಗದವರು, ಹಗಲು ದುಡಿದು ರಾತ್ರಿ ಓದಿ ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವವರು ಅದರ ವಿದ್ಯಾರ್ಥಿಗಳು. ಈ ಮಾಲೆ ಅಂಥವರಿಗಾಗಿ ಹುಟ್ಟಿದ್ದು. ಎಂದರೆ, ಇವತ್ತಿನ ಪ್ರಾಧ್ಯಾಪಕರು ಮೂಗು ಮುರಿಯುವ ಗೈಡುಗಳ ವಂಶಕ್ಕೇ ಸೇರಿದವು. ಬರೆದವರು ಸಾಮಾನ್ಯರಲ್ಲ ಅನ್ನಿ. ಸ್ಟೌಟ್ ಆಗ ತತ್ತ್ವಶಾಸ್ತ್ರದ ದೊಡ್ಡ ಪತ್ರಿಕೆ ‘ಮೈಂಡ್’ನ ಸಂಪಾದಕ. ದೊಡ್ಡ ವಿದ್ವಾಂಸರು ಪರೀಕ್ಷೆಯ ಹುಡುಗರಿಗೆಂದು ಕೂತು ಬರೆಯುತ್ತಿದ್ದ ಕಾಲ ಅದು. ಈಗ ವಿದ್ವಾಂಸರು ವಿದ್ವಾಂಸರಿಗೇ ಬರೆಯುತ್ತಾರೆ, ಹುಡುಗರ ಪಾಲಿಗೆ ಗೈಡಿನವರು ಉಳಿದಿದ್ದಾರೆ.

ಲೇಖಕನ ಕಥೆಗೂ ಹಳೆಯ ಪುಸ್ತಕವೇ ಮೂಲ. ಇವನ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಮೈಲಾಪುರದ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆ ಕಾಯುತ್ತಿದ್ದವರು. ಹೊಸ ಪುಸ್ತಕ ಬೇಕೆಂದರೆ ಮೌಂಟ್ ರೋಡಿನಲ್ಲಿ 1844ರಿಂದ ಹಿಗ್ಗಿನ್‌ಬಾತಮ್ಸ್ ಇತ್ತು, ನಿಜ. ಅಲ್ಲಿಗೆ ಹೋಗುತ್ತಿದ್ದದ್ದು ತಂಪು ನೆಲದ ಮೇಲೆ ನಿಂತು ನೋಡಲಿಕ್ಕೆ. ಕೊಳ್ಳಲಿಕ್ಕೆ ಮೂರ್ ಮಾರ್ಕೆಟ್. 1900ರಲ್ಲಿ ತೆರೆದ ಆ ಕೆಂಪು ಕಟ್ಟಡ ಸೆಂಟ್ರಲ್ ಸ್ಟೇಷನ್ನಿನ ಮಗ್ಗುಲಲ್ಲೇ ಇತ್ತು. ಗ್ರಾಮಫೋನ್ ತಟ್ಟೆ, ಪಂಜರದ ಗಿಳಿ, ಎಂಜಿನಿಯರಿಂಗ್ ಪುಸ್ತಕ, ಯಾರದೋ ಮನೆಯ ಗೋಡೆ ಗಡಿಯಾರ ಎಲ್ಲವೂ ಒಂದೇ ಸೂರಿನಡಿ. ಅಲ್ಲಿ ಲೇಖಕ ಚೌಕಾಸಿ ಮಾಡಿ ತಂದದ್ದು ಫ್ರಾಂಕ್ ಥಿಲ್ಲಿಯ ತತ್ತ್ವಶಾಸ್ತ್ರದ ಚರಿತ್ರೆ ಮತ್ತು ಡಬ್ಲ್ಯು. ಟಿ. ಸ್ಟೇಸ್ ಬರೆದ ಗ್ರೀಕ್ ತತ್ತ್ವಶಾಸ್ತ್ರದ ಚರಿತ್ರೆ.

ಅಪ್ಪಯ್ಯ ಥಿಲ್ಲಿಯನ್ನು ಕೈಯಲ್ಲಿ ತೂಗಿ ನೋಡಿ, “ಇದ್ ಓದ್ರೆ ಎಂತ ಸಿಕ್ಕತ್ತ್ ಮಾಣಿ?” ಅಂದರು. ಲೇಖಕ ಈಗಲೂ ಪ್ರತಿ ಜೂನಿನಲ್ಲಿ, ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳ ಬಾಯಲ್ಲಿ ಇದೇ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳುತ್ತಾನೆ.

1985ರ ಮೇ 30ರಂದು ಮೂರ್ ಮಾರ್ಕೆಟ್ ಸುಟ್ಟುಹೋಯಿತು. ಅಂಗಡಿಯವರು ಪಕ್ಕದ ಹೊಸ ಸಂಕೀರ್ಣಕ್ಕೆ ಹೋದರು. ಹಳೆಯ ಜಾಗದಲ್ಲಿ ರೈಲ್ವೆಯ ಕಟ್ಟಡ ಎದ್ದಿತು. ಆ ಮಾರ್ಕೆಟಿನಿಂದ ಬಂದ ಥಿಲ್ಲಿ ಇವನ ಮೇಜಿನ ಮೇಲೆ ಇನ್ನೂ ಇದ್ದಾನೆ. ಅದರ ಅಂಚುಗಳಲ್ಲಿ ಇಬ್ಬರು ಹಳೆಯ ಒಡೆಯರ ಪೆನ್ಸಿಲ್ ಜಗಳ ನಡೆದಿದೆ. ಸ್ಪಿನೋಜಾನ ಪುಟದಲ್ಲಿ ಒಬ್ಬ ‘ಅದ್ವೈತ!’ ಎಂದು ಇಂಗ್ಲಿಷಿನಲ್ಲಿ ಗೀಚಿದ್ದರೆ ಇನ್ನೊಬ್ಬ ಅದನ್ನು ಹೊಡೆದುಹಾಕಿ ‘ಅಷ್ಟು ಸುಲಭವಲ್ಲ’ ಎಂದಿದ್ದಾನೆ. ಸ್ಪಿನೋಜಾನ ಬಗ್ಗೆ ಮೊದಲ ವರ್ಷದವರಿಗೆ ಪಾಠ ಹೇಳುವಾಗ ಈ ಎರಡು ಟಿಪ್ಪಣಿಗಳನ್ನು ಬೋರ್ಡಿನ ಮೇಲೆ ಬರೆದು, ಯಾರ ಪಕ್ಷ ಎಂದು ಕೇಳಿದರೆ ಸಾಕು, ಒಂದು ಪೀರಿಯಡ್ ತಾನೇ ತಾನಾಗಿ ಕಳೆಯುತ್ತದೆ.

ಸ್ಟೇಸ್‌ನದು ಇನ್ನೂ ಸ್ವಾರಸ್ಯ. ಗ್ರೀಕರನ್ನು ಇಷ್ಟು ತಿಳಿಯಾಗಿ ಬಿಡಿಸಿ ಹೇಳಿದವನು ಯಾವುದೋ ಆಕ್ಸ್‌ಫರ್ಡಿನ ಗುರು ಎಂದುಕೊಂಡರೆ, ಅವನು ಸಿಲೋನ್ ಸಿವಿಲ್ ಸರ್ವಿಸಿನ ಅಧಿಕಾರಿ. ಒಂದು ಕಾಲಕ್ಕೆ ಕೊಲಂಬೊ ನಗರದ ಮೇಯರ್ ಕೂಡ ಆಗಿದ್ದ. 1919ರ ಮೊದಲ ತಿಂಗಳುಗಳಲ್ಲಿ ಸಾರ್ವಜನಿಕರಿಗೆ ಕೊಟ್ಟ ಉಪನ್ಯಾಸಗಳೇ ಮರುವರ್ಷ ಈ ಪುಸ್ತಕವಾದವು. ದಿನವಿಡೀ ಕಡತ ನೋಡಿ ಸಂಜೆ ಪಾರ್ಮೆನಿಡೀಸನನ್ನು ವಿವರಿಸಿದ ಮನುಷ್ಯ! ಎದುರಿಗೆ ಕೂತವರಿಗೆ ಗ್ರೀಕ್ ಬಾರದು, ನಿದ್ದೆ ಮಾತ್ರ ಬರುತ್ತದೆ ಎಂಬ ಅರಿವು ಅವನ ಒಂದೊಂದು ವಾಕ್ಯದಲ್ಲೂ ಇದೆ. ಮದ್ರಾಸಿನ ಸೆಕೆಗೆ ಈ ಪುಸ್ತಕ ಒಗ್ಗಿದ್ದು ಆಶ್ಚರ್ಯವಲ್ಲ.

ಇನ್ನು ಪ್ಲೇಟೋ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಪ್ಲೇಟೋ ಅಂದರೆ ಬೆಂಜಮಿನ್ ಜೋವೆಟ್ 1871ರಲ್ಲಿ ಹೊರತಂದ ಇಂಗ್ಲಿಷ್ ಪ್ಲೇಟೋ. ಇದೇ ಜೋವೆಟ್, 1854ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿಗೆ ಸ್ಪರ್ಧಾತ್ಮಕ ಪರೀಕ್ಷೆ ಹೇಗಿರಬೇಕೆಂದು ಹೇಳಿದ ಮೆಕಾಲೆ ಸಮಿತಿಯಲ್ಲೂ ಇದ್ದ. ತರ್ಕ, ನೀತಿ, ಮನಸ್ಸುಗಳ ಶಾಸ್ತ್ರವೂ ಆ ಪರೀಕ್ಷೆಯ ಒಂದು ವಿಷಯವಾಯಿತು. ಈಗ ಅಣ್ಣಾನಗರದ ಕೋಚಿಂಗ್ ಸೆಂಟರುಗಳ ಬೀದಿಯಲ್ಲಿ ನಡೆದು ನೋಡಿ: ಯುಪಿಎಸ್‌ಸಿಗೆ ಫಿಲಾಸಫಿ ಆರಿಸಿಕೊಂಡ ಹುಡುಗರು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿರುತ್ತಾರೆ. ಎರಡು ಪತ್ರಿಕೆ, 500 ಅಂಕ, ಮೊದಲ ಪತ್ರಿಕೆಯ ಮೊದಲ ಹೆಸರು ಪ್ಲೇಟೋ. ಪರೀಕ್ಷೆಯನ್ನು ರೂಪಿಸಿದವನೇ ಪುಸ್ತಕವನ್ನೂ ಒದಗಿಸಿ ಹೋಗಿದ್ದಾನೆ. ಇಂಥ ಮುಂದಾಲೋಚನೆ ಇಂದಿನ ಗೈಡ್ ಪ್ರಕಾಶಕರಿಗೂ ಇದ್ದಂತಿಲ್ಲ.

ಕನ್ನಡದ ಓದುಗರಿಗೆ ಮದ್ರಾಸಿನ ಸಿಲೆಬಸ್ಸು ಹೊರಗಿನದು ಅನ್ನಿಸಬಹುದು. ಹಾಗಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ತನಕ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದ್ರಾಸಿಗೇ ಸೇರಿದ್ದವು. ಮರೀನಾ ಎದುರಿನ ಕಟ್ಟಡದಲ್ಲಿ ನಿಗದಿಯಾದ ಪುಸ್ತಕವನ್ನೇ ಮೈಸೂರಿನ ಹುಡುಗರೂ ಉರುಹೊಡೆಯಬೇಕಿತ್ತು. ಎಂ. ಹಿರಿಯಣ್ಣನವರು ಓದಿದ್ದೂ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲೇ. ಮುಂದೆ ಮೈಸೂರಿನಲ್ಲಿ ವರ್ಷಾನುಗಟ್ಟಲೆ ಅವರು ಹೇಳಿದ ತರಗತಿಯ ಪಾಠವೇ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲಿಂದ ಇಲ್ಲಿಗೆ ಬರುತ್ತಿದ್ದ ಪಠ್ಯ ಆಗ ಇಲ್ಲಿಂದ ಅಲ್ಲಿಗೆ ಹೋಯಿತು. ರಾಧಾಕೃಷ್ಣನ್ ಕೂಡ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ತಮ್ಮ ಪಾಠಗಳನ್ನು ಮನಶ್ಶಾಸ್ತ್ರದ ಸಣ್ಣ ಪುಸ್ತಕವಾಗಿಸಿದ್ದರು, 1912ರಲ್ಲಿ. 1918ರಲ್ಲಿ ಮೈಸೂರಿಗೆ ಬಂದು, 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಸಾರೋಟನ್ನು ತಾವೇ ಸ್ಟೇಷನ್ನಿನವರೆಗೆ ಎಳೆದದ್ದು ಎಲ್ಲರಿಗೂ ಗೊತ್ತು. ಆ ಪ್ರಸಂಗವನ್ನು ಲೇಖಕ ತನ್ನ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳುತ್ತಾನೆ. ಇವನ ಸ್ಕೂಟರನ್ನು ಪಾರ್ಕಿಂಗಿನಿಂದ ಹೊರಗೆ ತಳ್ಳಲೂ ಯಾರೂ ಇದುವರೆಗೆ ಮುಂದೆ ಬಂದಿಲ್ಲ.

ತರ್ಕಶಾಸ್ತ್ರದ ಪಾಠಕ್ಕೆ ಬೇಕಾದದ್ದು ಒಂದು ತುಂಡು ಸೀಮೆಸುಣ್ಣ ಅಷ್ಟೆ. ಒಂದು ಚೌಕ ಬರೆದು ನಾಲ್ಕು ಮೂಲೆಗೆ ಎ, ಇ, ಐ, ಓ ಎಂದಿಟ್ಟರೆ ಅರಿಸ್ಟಾಟಲ್ ಅರ್ಧ ಮುಗಿದ. ‘ಎಲ್ಲ’, ‘ಯಾವುದೂ ಇಲ್ಲ’, ‘ಕೆಲವು’, ‘ಕೆಲವು ಅಲ್ಲ’ ಎಂಬ ನಾಲ್ಕು ಬಗೆಯ ಮಾತುಗಳಿಗೆ ಆ ನಾಲ್ಕು ಸ್ವರ. ಮಧ್ಯಯುಗದ ಯೂರೋಪಿನ ಮೇಷ್ಟ್ರುಗಳು ಈ ಸ್ವರಗಳನ್ನೇ ಹೆಣೆದು ಬಾರ್ಬರಾ, ಸೆಲಾರೆಂಟ್ ಎಂದು ಅನುಮಾನಗಳಿಗೆ ಹೆಸರಿಟ್ಟರು. ಬಾರ್ಬರಾದಲ್ಲಿ ಮೂರು ‘ಎ’, ಅಂದರೆ ಮೂರು ವಾಕ್ಯವೂ ‘ಎಲ್ಲ’ ಎಂದೇ ಹೇಳಬೇಕು. ಮಗ್ಗಿಯ ಹಾಗೆ ಒಪ್ಪಿಸಿದರೆ ಆಯಿತು, ಅರ್ಥ ಆಮೇಲೆ ತಾನಾಗಿ ಬರುತ್ತದೆ. ಈ ಪದ್ಧತಿಯನ್ನು ಹಳಿಯುವುದು ಈಗಿನ ರೂಢಿ. ಆದರೆ ಕಂಠಪಾಠ ಮಾಡಿದ ಹುಡುಗಿ ಟಿ.ವಿ. ಚರ್ಚೆಯಲ್ಲಿ ರಾಜಕಾರಣಿಯೊಬ್ಬ ‘ಕೆಲವರು’ ಎಂದು ಶುರುಮಾಡಿ ‘ಎಲ್ಲರೂ’ ಎಂದು ಮುಗಿಸಿದ್ದನ್ನು ಹಿಡಿದು ಬಂದು ಹೇಳಿದಾಗ ಲೇಖಕನಿಗೆ ಆ ಹಳೇ ಮೇಷ್ಟ್ರುಗಳ ಮೇಲೆ ಗೌರವ ಹೆಚ್ಚಿತು. ತರ್ಕದ ಮೇಲೆ 1843ರಲ್ಲಿ ದೊಡ್ಡ ಗ್ರಂಥ ಬರೆದ ಜಾನ್ ಸ್ಟುವರ್ಟ್ ಮಿಲ್, ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ಇಲ್ಲಿನ ದೇಶೀ ಸಂಸ್ಥಾನಗಳಿಗೆ ಸಂಬಂಧಿಸಿದ ಪತ್ರಗಳನ್ನು ಬರೆದವನು, ಈ ಕಡೆಗೆ ಒಮ್ಮೆಯೂ ಕಾಲಿಡದವನು ಎಂದರೆ ಮಾತ್ರ ಹಿಂದಿನ ಬೆಂಚು ಎದ್ದು ಕೂರುತ್ತದೆ. ವರ್ಕ್ ಫ್ರಂ ಹೋಮ್ ಎಂದು ಅವರ ಷರಾ.

ಲೇಖಕನ ತರಗತಿಗೆ ಹೊಸೂರಿನ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಇಲ್ಲಿ ಇಂಗ್ಲಿಷು. ಜೋವೆಟ್‌ನ ಉದ್ದುದ್ದ ವಾಕ್ಯಗಳಲ್ಲಿ ಅವಳು ಮುಳುಗಿಹೋಗುತ್ತಿದ್ದಳು. ಇವನು ಮನೆಯಿಂದ ಎ. ಎನ್. ಮೂರ್ತಿರಾಯರ ‘ಸಾಕ್ರಟೀಸನ ಕೊನೆಯ ದಿನಗಳು’ ತಂದು, ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿ ಹೇಳಿದ. ವಿಷ ಕುಡಿದ ಸಾಕ್ರಟೀಸ್, ದೇವರಿಗೆ ಒಂದು ಹುಂಜ ಬಾಕಿ ಇದೆ, ತೀರಿಸಿಬಿಡು ಎಂದು ಗೆಳೆಯ ಕ್ರಿಟೋಗೆ ಹೇಳುತ್ತಾನಲ್ಲ, ಅಲ್ಲಿಗೆ ಬಂದಾಗ ಅವಳು ಕೇಳಿದ್ದು, “ಹುಂಜ ಕೊಟ್ಟನಾ ಸಾರ್?” ಎಂದು. ಆತ್ಮದ ಅಮರತ್ವದ ಮೇಲೆ ಪುಟಗಟ್ಟಲೆ ವಾದ ಕೇಳಿದ ಮೇಲೂ ಅವಳ ಮನಸ್ಸು ಹರಕೆಯ ಮೇಲಿತ್ತು. ಅದು ತಪ್ಪಲ್ಲ, ಆ ಹುಂಜ ಯಾಕೆ ಬಾಕಿ ಇತ್ತೆಂದು ವಿದ್ವಾಂಸರೂ ಇನ್ನೂ ಚರ್ಚಿಸುತ್ತಲೇ ಇದ್ದಾರೆ.

ರಾಧಾಕೃಷ್ಣನ್ ಹೆಸರಿನ ರಸ್ತೆ ಈಗ ಮೈಲಾಪುರದ ನಡುವೆ ಹಾದುಹೋಗುತ್ತದೆ. ಮೊದಲು ಅದು ಎಡ್ವರ್ಡ್ ಎಲಿಯಟ್ಸ್ ರೋಡ್. ಅವರ ಮನೆ ‘ಗಿರಿಜಾ’ ಇದ್ದದ್ದು ಅಲ್ಲೇ. ಅದೇ ರಸ್ತೆಯಲ್ಲಿ ಉಡುಪಿಯ ಕೃಷ್ಣರಾಯರು ಕಟ್ಟಿದ ನ್ಯೂ ವುಡ್‌ಲ್ಯಾಂಡ್ಸ್ ಇದೆ. ಸಂಬಳದ ದಿನ ಲೇಖಕ ಅಲ್ಲಿ ಕೂತು ಉತ್ತರಪತ್ರಿಕೆ ತಿದ್ದುವುದುಂಟು. ಡೇಕಾರ್ಟನ ಸಂದೇಹ ಎಲ್ಲ ಪತ್ರಿಕೆಗಳಲ್ಲೂ ಒಂದೇ ಮಾತಿನಲ್ಲಿ, ಒಂದೇ ತಪ್ಪಿನೊಂದಿಗೆ ಬಂದಿದ್ದರೆ ಯಾವ ಜೆರಾಕ್ಸ್ ಅಂಗಡಿಯ ನೋಟ್ಸು ಎಂದು ಹೇಳಬಲ್ಲಷ್ಟು ಇವನು ಪಳಗಿದ್ದಾನೆ. ಎಲ್ಲವನ್ನೂ ಸಂದೇಹಿಸಬೇಕೆಂದ ಮನುಷ್ಯನ ಬಗ್ಗೆ ನೋಟ್ಸನ್ನು ಒಬ್ಬನೂ ಸಂದೇಹಿಸಿಲ್ಲ.

ಹಾಗೆಂದು ಎಲ್ಲವೂ ಹಳೆಯ ಸರಕೇ ಅಲ್ಲ. ಫಿಲಿಪ್ಪಾ ಫುಟ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1967ರಲ್ಲಿ ಒಂದು ಪ್ರಸಂಗ ಕಲ್ಪಿಸಿದಳು. ಹಿಡಿತ ತಪ್ಪಿದ ಟ್ರಾಮ್ ಬರುತ್ತಿದೆ, ಮುಂದಿನ ಹಳಿಯ ಮೇಲೆ ಐದು ಜನ, ಪಕ್ಕದ ಹಳಿಯ ಮೇಲೆ ಒಬ್ಬ, ಡ್ರೈವರ್ ತಿರುಗಿಸಬಹುದೆ? ನೀತಿಶಾಸ್ತ್ರದ ತರಗತಿಗೆ ಇದಕ್ಕಿಂತ ಸಲೀಸಾದ ಸಾಮಗ್ರಿ ಇನ್ನೊಂದಿಲ್ಲ. ತೊಂದರೆಯೆಂದರೆ, 1895ರಲ್ಲೇ ವಿದ್ಯುತ್ ಟ್ರಾಮ್ ಓಡಿಸಿದ್ದ ಮದ್ರಾಸು 1953ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಫುಟ್‌ಳ ಟ್ರಾಮ್ ಇಲ್ಲಿಗೆ ಬರುವ ಹೊತ್ತಿಗೆ ಹಳಿಯೇ ಇರಲಿಲ್ಲ. ಹಾಗಾಗಿ ಲೇಖಕ ಅದನ್ನು ಬೀಚ್–ತಾಂಬರಂ ಲೋಕಲ್ ಟ್ರೈನಿನ ಮೇಲೆ ಹತ್ತಿಸಿದ. ಮಕ್ಕಳಲ್ಲಿ ಅರ್ಧದಷ್ಟು ಜನ ದಿನಾ ಬರುವುದು ಅದರಲ್ಲೇ.

ಕಳೆದ ಸಲ ಆ ಪಾಠ ಹೀಗೆ ನಡೆಯಿತು. ಮಾಂಬಲಂ ಸ್ಟೇಷನ್ನಿನ ಹತ್ತಿರ ಹಳಿಯ ಮೇಲೆ ಐದು ಜನ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಕೈ ಎತ್ತಿದ.

“ಯಾರಾದರೂ ಚೈನ್ ಎಳೆಯಬಾರದೇಕೆ ಸಾರ್?”

ಚೈನ್ ಎಳೆದರೂ ನಿಲ್ಲುವುದಿಲ್ಲ ಎಂದಿಟ್ಟುಕೋ ಅಂದ ಲೇಖಕ. ಹಾಗೆ ಇಟ್ಟುಕೊಳ್ಳಲು ತರಗತಿ ಒಪ್ಪಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ, ಯುಪಿಎಸ್‌ಸಿಗೆ ಈಗಲೇ ತಯಾರಿ ನಡೆಸಿರುವ ಹುಡುಗ ಎದ್ದುನಿಂತು, ರೈಲ್ವೆ ಕಾಯಿದೆ 1989, ಕಲಂ 141ರ ಪ್ರಕಾರ ಕಾರಣವಿಲ್ಲದೆ ಚೈನ್ ಎಳೆದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿಯವರೆಗೆ ದಂಡ ಎಂದು ಒಪ್ಪಿಸಿದ. ಐದು ಜೀವ ಉಳಿಸುವುದು ಕಾರಣವಲ್ಲವೇ ಎಂದು ಅವನ ಪಕ್ಕದವಳು ತಿರುಗಿಬಿದ್ದಳು. ಟಿ.ಟಿ.ಇ. ಅದನ್ನು ಒಪ್ಪಬೇಕಲ್ಲ ಎಂದು ಇನ್ನೊಬ್ಬ. ಗಂಟೆ ಹೊಡೆದು, ಮುಂದಿನ ಪೀರಿಯಡ್ಡಿನ ಚರಿತ್ರೆಯ ಮೇಡಂ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಬೆಂಚಿನಿಂದ ಸಲಹೆ ಬಂತು: ದಂಡ ಬಿದ್ದರೆ ಬೀಳಲಿ ಸಾರ್, ಉಳಿದ ಐದು ಜನ ಹಂಚಿಕೊಂಡರೆ ತಲೆಗೆ ಇನ್ನೂರೇ ಆಗುತ್ತದೆ.