ಅರ್ಥವಿಲ್ಲದ ಮನೆ

ಅರ್ಥ ಹೇಳುವುದು ನನ್ನ ವೃತ್ತಿ. ಮೊದಲು ನರಗುಂದದಲ್ಲಿ, ಈಗ ರೋಣದಲ್ಲಿ, ಹದಿನೆಂಟು ವರ್ಷಗಳಿಂದ ಹಳಗನ್ನಡದ ಪದ್ಯಗಳನ್ನು ಬಿಡಿಸಿ ಹುಡುಗರಿಗೆ ಅರ್ಥ ಹೇಳುತ್ತ ಬಂದಿದ್ದೇನೆ. ಅಂಥವನ ಎದುರಿಗೆ ಗಜೇಂದ್ರಗಡದ ವಾಯರ್‌ಮನ್ ಒಬ್ಬ, “ಸರ, ನಿಮ್ಮ ಮನಿಗೆ ಅರ್ಥನ ಇಲ್ರಿ” ಎಂದರೆ ಹೇಗಾಗಬೇಡ! ಇಂಗ್ಲಿಷಿನವರ ‘ಅರ್ಥ್’, ಎಂದರೆ ಭೂಮಿ, ನಮ್ಮ ಕಡೆಯ ಬಾಯಲ್ಲಿ ‘ಅರ್ಥ’ವಾಗಿದೆ. ಆತನ ಮಾತಿನಲ್ಲಿ ಚೇಷ್ಟೆಯಿರಲಿಲ್ಲ.

ಸಂಗತಿ ಇಷ್ಟು. ಮಳೆಗಾಲ ಹಿಡಿದಾಗಿನಿಂದ ನಮ್ಮ ಬಾಡಿಗೆ ಮನೆಯಲ್ಲಿ ಫ್ರಿಜ್ಜು ಮುಟ್ಟಿದವರಿಗೆ ಜುಮ್ಮೆನ್ನುತ್ತಿತ್ತು. ರಬ್ಬರಿನ ಚಪ್ಪಲಿ ಮೆಟ್ಟಿ ಮುಟ್ಟಿರಿ, ಏನೂ ಆಗುವುದಿಲ್ಲ ಎಂದು ಓಣಿಯವರು ಉಪಾಯ ಹೇಳಿದರು. ಆದರೆ ನಮ್ಮ ಅವ್ವ ಅಡಿಗೆಮನೆಯಲ್ಲಿ ಚಪ್ಪಲಿ ಮೆಟ್ಟುವವಳಲ್ಲ. ಎಪ್ಪತ್ತು ದಾಟಿದ ಜೀವ, ಒದ್ದೆ ಕಾಲು, ಕೆಳಗೆ ಒದ್ದೆ ಕಲ್ಲಿನ ನೆಲ. ಓಣಿಯ ಉಪಾಯ ಅವಳ ಮುಂದೆ ನಡೆಯುವಂತಿರಲಿಲ್ಲ. ಫ್ರಿಜ್ಜಿನ ಪ್ಲಗ್ಗು ಕಿತ್ತು ವಾಯರ್‌ಮನ್ನನನ್ನು ಕರೆಸಿದೆ.

ಆತ ಬಲ್ಬಿನ ಹೋಲ್ಡರಿಗೆ ಎರಡು ತಂತಿ ಕಟ್ಟಿಕೊಂಡು ಬಂದಿದ್ದ. ಫೇಸಿಗೊಂದು, ನ್ಯೂಟ್ರಲಿಗೊಂದು ಹಿಡಿದ, ಬಲ್ಬು ಹತ್ತಿತು. ನ್ಯೂಟ್ರಲಿನದನ್ನು ತೆಗೆದು ಮೇಲಿನ ದೊಡ್ಡ ತೂತಿಗೆ ಹಿಡಿದ, ಹತ್ತಲಿಲ್ಲ. ಮೇನ್ ಆಫ್ ಮಾಡಿ ಬೋರ್ಡು ಬಿಚ್ಚಿದ. ತೂತಿನ ಹಿಂದೆ ತಂತಿಯೇ ಇರಲಿಲ್ಲ.

ಕರೆಂಟು ಫೇಸಿನಿಂದ ಬಂದು, ಕೆಲಸ ಮಾಡಿ, ನ್ಯೂಟ್ರಲಿನಿಂದ ಹಿಂದಿರುಗುತ್ತದೆ. ಮೂರನೆಯ ತಂತಿಗೆ ದಿನವೂ ಕೆಲಸವಿಲ್ಲ. ಫೇಸು ಕಬ್ಬಿಣದ ಮೈಗೆ ತಾಗಿದ ದಿನ ಮಾತ್ರ ಆ ಕರೆಂಟನ್ನು ಅದು ನೆಲಕ್ಕೆ ಒಯ್ಯಬೇಕು. ಅದಿಲ್ಲದಿದ್ದರೆ ಫ್ರಿಜ್ಜು 230 ವೋಲ್ಟನ್ನು ಮೈಮೇಲೆ ಹೊತ್ತು ಸುಮ್ಮನೆ ನಿಂತಿರುತ್ತದೆ. ಬರಿಗಾಲಲ್ಲಿ ಮುಟ್ಟಿದವರೇ ತಂತಿಯಾಗುತ್ತಾರೆ. ಪ್ಲಗ್ಗಿನ ಮೂರನೆಯ ಕಡ್ಡಿ ಉಳಿದೆರಡಕ್ಕಿಂತ ಉದ್ದವಿರುವುದೂ ಇದಕ್ಕೇ: ಚುಚ್ಚುವಾಗ ಅದು ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಅದನ್ನೇ ಮುರಿದು ಎರಡು ತೂತಿಗೆ ತುರುಕುವ ಜಾಣರನ್ನು ನಾವೆಲ್ಲ ಬಲ್ಲೆವು.

“ಮೂರನೇದನ್ನ ನ್ಯೂಟ್ರಲಿಗೇ ಕಟ್ಟಿ ಹೋಗವ್ರೂ ಅದಾರ್ರಿ. ನ್ಯೂಟ್ರಲ್ ಎಲ್ಲ್ಯರ ಹರೀತಂದ್ರ ಮುಗೀತು, ಫ್ರಿಜ್ಜಿನ ಮೈಯೆಲ್ಲಾ ಫೇಸ ಆಗತೈತಿ” ಎಂದ.

ಫ್ರಿಜ್ಜಿನ ತಂತಿಯನ್ನು ಇಲಿ ಕಡಿದಿತ್ತು, ಅದನ್ನು ಬದಲಿಸಿದ. ಹಿತ್ತಲಲ್ಲಿ ತಗ್ಗು ತೋಡಿ, ಎರಡೂವರೆ ಮೀಟರಿನ ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಬೋರ್ಡಿಗೆ ಹಸಿರು ತಂತಿ ಎಳೆದ. ಈ ಸಲ ದೊಡ್ಡ ತೂತಿಗೆ ಹಿಡಿದರೂ ಬಲ್ಬು ಹತ್ತಿತು. ಹಸಿ ಹಿಡಿದಿಡುವ ರೋಣ, ನರಗುಂದಗಳ ಎರೆಮಣ್ಣು ಕರೆಂಟಿಗೆ ಒಳ್ಳೆಯ ದಾರಿಯಂತೆ. ಗಜೇಂದ್ರಗಡದ ಗುಡ್ಡದ ಕಲ್ಲುನೆಲದಲ್ಲಿ ಆ ಸುಖವಿಲ್ಲ. ಆದರೆ ಎರೆಭೂಮಿಯೂ ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಒಣಮಣ್ಣು ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳದು. ಆದ್ದರಿಂದ ಮೀಟರಿನ ಬಳಿ ಆರ್‌ಸಿಸಿಬಿ ಎಂಬ ಡಬ್ಬಿಯೊಂದನ್ನೂ ಕೂಡಿಸಿದ. ಹೋದ ಕರೆಂಟಿಗೂ ಹಿಂದಿರುಗಿದ್ದಕ್ಕೂ 30 ಮಿಲಿಆಂಪಿಯರಿನಷ್ಟು ಅಂತರ ಬಂದರೆ ಅದು ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಫ್ಯೂಜಿಗೆ ಇಷ್ಟು ಸಣ್ಣ ಸೋರಿಕೆ ತಿಳಿಯುವುದೇ ಇಲ್ಲ. ಫ್ಯೂಜು ತಂತಿಯನ್ನು ಕಾಯುತ್ತದೆ, ಈ ಡಬ್ಬಿ ಮನುಷ್ಯನನ್ನು ಕಾಯುತ್ತದೆ.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗಿ ಕರೆಂಟು ಮಾಡುತ್ತವೆ. ಕರೆಂಟನ್ನು ಮನೆಗೆ ಕರೆತರುವಾಗ ನಮಗಿರುವ ಉತ್ಸಾಹ, ದಾರಿತಪ್ಪಿದಾಗ ಅದನ್ನು ಕಳಿಸಿಕೊಡುವ ಏರ್ಪಾಡಿನಲ್ಲಿ ಇರುವುದಿಲ್ಲ. ಬಾಡಿಗೆಗೆ ಮನೆ ನೋಡುವಾಗ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳುತ್ತೇವೆ. ಮೂರನೆಯ ತೂತಿನ ಹಿಂದೆ ತಂತಿಯಿದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಬೇಸಿಗೆ ಬಂತು. ಅರ್ಥದ ತಗ್ಗಿಗೆ ಆಗಾಗ ನೀರು ಹಾಕಬೇಕೆಂದು ವಾಯರ್‌ಮನ್ ಹೇಳಿ ಹೋಗಿದ್ದ. ಅವ್ವ ಅದನ್ನು ಮರೆತಿಲ್ಲ. ಮುಂಜಾನೆ ತುಳಸಿಗೆ ನೀರೆರೆದು, ಉಳಿದ ಅರ್ಧ ಕೊಡವನ್ನು ಬರಿಗಾಲಲ್ಲೇ ಹೋಗಿ ಅಲ್ಲಿ ಸುರಿದು ಬರುತ್ತಾಳೆ.