ಉಪ್ಪು ಬೇರೆ, ಸೋಡಿಯಂ ಬೇರೆ

ನನ್ನ ಚಿಕ್ಕಮ್ಮನ ಮಗ ಒಂದು ವರ್ಷದಿಂದ ಮಾಂಸ, ಮೀನು, ಮೊಟ್ಟೆ, ತುಪ್ಪ ಬಿಟ್ಟು ಬೇರೇನೂ ತಿನ್ನುತ್ತಿಲ್ಲ. ಅನ್ನ, ಚಪಾತಿ, ತರಕಾರಿ, ಹಣ್ಣು ಯಾವುದೂ ಇಲ್ಲ. ಇದಕ್ಕೆ ಕಾರ್ನಿವೋರ್ ಡಯಟ್ ಎಂದು ಹೆಸರು. ಅವನ ಮನೆ ಕಲ್ಯಾಣದಲ್ಲಿ, ಕೆಲಸ ನವಿ ಮುಂಬಯಿಯ ಐರೋಲಿಯಲ್ಲಿ. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀಯ ಎಂದು ರಕ್ತಪರೀಕ್ಷೆ ಹೇಳಿದ ಮೇಲೆ ಶುರು ಮಾಡಿದ್ದು. ಅಡುಗೆ ಮಾಡುವವರು ಚಿಕ್ಕಮ್ಮ. ಮೂವತ್ತೈದು ವರ್ಷ ಇಲ್ಲೇ ಇದ್ದು ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಆದರೆ ಸಲೀಸಾಗಿ ಓದುವುದು ಕನ್ನಡವನ್ನು ಮಾತ್ರ. ಹಾಗಾಗಿ ಅವನು ಅಲ್ಲಿ ಇಲ್ಲಿ ಕೂಡಿಸಿಟ್ಟುಕೊಂಡಿದ್ದ ಎರಡು ಪುಟ ಇಂಗ್ಲಿಷ್ ಸೂಚನೆಗಳು ಡೊಂಬಿವಲಿಯಲ್ಲಿರುವ ನನಗೆ ಬಂದವು. "ಅಕ್ಕಾ, ಅಮ್ಮನಿಗೆ ಅರ್ಥ ಆಗೋ ಹಾಗೆ ಕನ್ನಡ ಮಾಡಿಕೊಡು" ಎಂದ.

ಅನುವಾದ ನನ್ನ ಹೊಟ್ಟೆಪಾಡು. ಔಷಧದ ಕರಪತ್ರಗಳನ್ನು, ಆಸ್ಪತ್ರೆಯ ಒಪ್ಪಿಗೆ ಪತ್ರಗಳನ್ನು ಬೇಕಾದಷ್ಟು ಕನ್ನಡಕ್ಕೆ ತಂದಿದ್ದೇನೆ. ಎಲೆಕ್ಟ್ರೊಲೈಟ್ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ವಿದ್ಯುದ್ವಿಚ್ಛೇದ್ಯ ಎಂಬ ಪದವಿದೆ. ಅದನ್ನು ಬರೆದರೆ ಚಿಕ್ಕಮ್ಮ ಕಾಗದ ಮಡಚಿಡುತ್ತಾರೆ. 'ಲವಣಗಳು' ಎಂದು ಬರೆದು ಮುಂದೆ ಹೋದೆ. ಎರಡನೇ ಸಾಲಿನಲ್ಲೇ ನಿಲ್ಲಬೇಕಾಯಿತು. ದಿನಕ್ಕೆ 5 ಗ್ರಾಂ ಸೋಡಿಯಂ ಎಂದಿತ್ತು.

ಮನೆಮಾತಿನಲ್ಲಿ ಸೋಡಿಯಂ ಎಂದರೆ ಉಪ್ಪು. "ಸೋಡಿಯಂ ಕಮ್ಮಿಯಾಗಿದೆ ಅಂತೆ, ಉಪ್ಪು ಜಾಸ್ತಿ ಕೊಡಿ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಉಪ್ಪಿನ ತೂಕದಲ್ಲಿ ಸೋಡಿಯಂ ಇರುವುದು ನೂರಕ್ಕೆ ಸುಮಾರು 40 ಪಾಲು, ಉಳಿದದ್ದು ಕ್ಲೋರೈಡ್. 5 ಗ್ರಾಂ ಸೋಡಿಯಂ ಬೇಕೆಂದರೆ ಹನ್ನೆರಡೂವರೆ ಗ್ರಾಂ ಉಪ್ಪು ತಿನ್ನಬೇಕು, ಅಂದರೆ ಎರಡು ಟೀ ಚಮಚಕ್ಕಿಂತ ಹೆಚ್ಚು. ಇತ್ತ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿಯೂ ದಿನಕ್ಕೆ 5 ಗ್ರಾಂ. ಅದು ಉಪ್ಪಿನ ಲೆಕ್ಕ, ಸೋಡಿಯಂ ಲೆಕ್ಕದಲ್ಲಿ 2 ಗ್ರಾಂ. ಎರಡು ಕಡೆಯೂ ಅದೇ ಐದು. ಆದರೆ ಒಂದು ಇನ್ನೊಂದರ ಎರಡೂವರೆ ಪಟ್ಟು. ಇನ್ನು ಚಮಚದ ಮಾತು. ಪುಡಿಯುಪ್ಪಿನ ಒಂದು ಚಮಚವೂ ಕಲ್ಲುಪ್ಪಿನ ಒಂದು ಚಮಚವೂ ಒಂದೇ ತೂಕ ಬರುವುದಿಲ್ಲ, ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಹೆಚ್ಚು. ನನ್ನ ಕನ್ನಡದಲ್ಲಿ ಸೋಡಿಯಂ ಅನ್ನು ಸೋಡಿಯಂ ಎಂದೇ ಉಳಿಸಿ, ಪಕ್ಕದಲ್ಲಿ ಪುಡಿಯುಪ್ಪು ಇಷ್ಟು ಗ್ರಾಂ ಎಂದು ಬರೆದೆ.

ಆ ಕಾಗದ ಓದಿ ಚಿಕ್ಕಮ್ಮ ಫೋನ್ ಮಾಡಿದರು. "ಇಷ್ಟ್ ಉಪ್ಪ್ ತಿಂದ್ರೆ ಬಿಪಿ ಏರುದಿಲ್ಯಾ?" ಕುಂದಾಪುರದ ಕಡೆಯ ಮಾತು ಅವರದು, ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳಬೇಕಾದರೆ ಈ ಊಟದಲ್ಲಿ ಉಪ್ಪು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕು.

ನಾವು ತಿನ್ನುವ ಅನ್ನ-ರೊಟ್ಟಿಯ ಒಂದು ಪಾಲು ಗ್ಲೈಕೊಜನ್ ಆಗಿ ಪಿತ್ತಜನಕಾಂಗದಲ್ಲಿ, ಸ್ನಾಯುಗಳಲ್ಲಿ ಕೂಡಿರುತ್ತದೆ. ಅದರ ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ನಿಂತ ಕೆಲವೇ ದಿನಗಳಲ್ಲಿ ಗ್ಲೈಕೊಜನ್ ಕರಗುತ್ತದೆ, ಜೊತೆಗೆ ಆ ನೀರೂ ಹೋಗುತ್ತದೆ. ಮೊದಲ ವಾರದಲ್ಲೇ ಎರಡು ಮೂರು ಕಿಲೋ ಇಳಿದೆ ಎಂದು ಹಿಗ್ಗುವವರು ಕಳೆದುಕೊಂಡದ್ದರಲ್ಲಿ ಹೆಚ್ಚಿನದು ನೀರು. ಇನ್ನೊಂದು ಕಾರಣ ಇನ್ಸುಲಿನ್. ಅದು ಮೂತ್ರಪಿಂಡಕ್ಕೆ ಸೋಡಿಯಂ ಹಿಡಿದಿಟ್ಟುಕೋ ಎಂದು ಹೇಳುವ ಹಾರ್ಮೋನ್ ಕೂಡ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಬಿಟ್ಟುಕೊಡುತ್ತದೆ. ಕೊರತೆ ಹೆಚ್ಚಾದರೆ ದೇಹ ಅಲ್ಡೊಸ್ಟಿರೋನ್ ಎಂಬ ಬೇರೊಂದು ಹಾರ್ಮೋನಿನಿಂದ ಸೋಡಿಯಂ ಉಳಿಸಿಕೊಳ್ಳಲು ನೋಡುತ್ತದೆ, ಅದಕ್ಕೆ ಪೊಟ್ಯಾಸಿಯಂನ ಬೆಲೆ ತೆರುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇಲ್ಲಿ ತಿರುಗಿ ನಿಲ್ಲುತ್ತದೆ. ನೀರು ಕುಡಿದವನು ಉಪ್ಪು ತಿನ್ನಲೇಬೇಕು. ಮೊದಲ ತಿಂಗಳು ನನ್ನ ತಮ್ಮ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತಿದ್ದ. ಕಲ್ಯಾಣದಿಂದ ಠಾಣೆ, ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಲೈನಿನ ಗಾಡಿ ಹಿಡಿದು ಐರೋಲಿ. ಸೇತುವೆ ಹತ್ತುವಾಗ ತಲೆ ತಿರುಗುತ್ತಿತ್ತು, ರಾತ್ರಿ ಮೀನಖಂಡ ಹಿಡಿಯುತ್ತಿತ್ತು. ಈ ಊರಿನ ಸೆಖೆಯಲ್ಲಿ, ಗಿಜಿಗುಟ್ಟುವ ಲೋಕಲ್‌ನಲ್ಲಿ ಹರಿಯುವ ಬೆವರಿನಲ್ಲೂ ಸೋಡಿಯಂ ಹೋಗುತ್ತದೆ. ಬರೀ ನೀರು ಕುಡಿದಷ್ಟೂ ಇದ್ದ ಲವಣ ತೆಳ್ಳಗಾಗುತ್ತದೆ.

ಮಾಂಸದಲ್ಲೇ ಎಲ್ಲ ಇದೆ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಿದೆ. 100 ಗ್ರಾಂ ಹಸಿ ಆಡಿನ ಮಾಂಸದಲ್ಲಿ ಪೊಟ್ಯಾಸಿಯಂ ಸುಮಾರು 380 ಮಿಲಿಗ್ರಾಂ ಇದ್ದರೆ ಸೋಡಿಯಂ ಬರೀ 80ರ ಆಸುಪಾಸು. ಆ ಪೊಟ್ಯಾಸಿಯಂ ಕೂಡ ಬೇಯಿಸಿದ ನೀರಿಗೆ ಇಳಿಯುತ್ತದೆ. ಮಾಂಸ ಬೇಯಿಸಿ ನೀರು ಚೆಲ್ಲಿ ಬರೀ ತುಂಡು ತಿಂದರೆ ಒಳ್ಳೆಯದರಲ್ಲಿ ಒಂದು ಪಾಲು ಮೋರಿಗೆ ಹೋದ ಹಾಗೆ. ಚಿಕ್ಕಮ್ಮ ಕಾಲುಸೂಪು ಮಾಡತೊಡಗಿದ ಮೇಲೆ, ಅವನು ಉಪ್ಪನ್ನು ಅದರಲ್ಲಿ ಹಂಚಿಕೊಂಡು ಕುಡಿಯತೊಡಗಿದ ಮೇಲೆ ಸೆಳೆತ ನಿಂತಿತು. ಸೋಮವಾರ ಮತ್ತು ಸಂಕಷ್ಟಿಯ ದಿನ ಅವರ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಆ ದಿನ ಅವನು ಹೊರಗೆ ಬೇಯಿಸಿದ ಮೊಟ್ಟೆ ತಿನ್ನುತ್ತಾನೆ, ಸೂಪು ಇರುವುದಿಲ್ಲ, ಸಂಜೆಗೆ ತಲೆನೋವು. ಇದು ಮೂರು ನಾಲ್ಕು ಸಲ ಆದ ಮೇಲೆ ಅವನಿಗೇ ಗೊತ್ತಾಯಿತು.

ಹೊಟ್ಟೆಯ ಕಥೆ ಇನ್ನೂ ತೊಡಕಿನದು. ಕನ್ನಡದಲ್ಲಿ ಜಠರವೂ ಹೊಟ್ಟೆ, ಕರುಳೂ ಹೊಟ್ಟೆ, ಹಸಿವೂ ಹೊಟ್ಟೆ. "ಹೊಟ್ಟೆ ಸರಿಯಿಲ್ಲ" ಎಂದರೆ ಕಟ್ಟಿದೆಯೋ ಹರಿಯುತ್ತಿದೆಯೋ ಕೇಳಿಯೇ ತಿಳಿಯಬೇಕು. ಈ ಊಟದಲ್ಲಿ ಎರಡೂ ಆಗುತ್ತವೆ. ನಾರು ಇಲ್ಲದ್ದರಿಂದ ಮಲದ ಪ್ರಮಾಣ ಕಮ್ಮಿ, ಎರಡು ದಿನಕ್ಕೊಮ್ಮೆ ಹೋದರೆ ಅದೇ ಮಲಬದ್ಧತೆ ಅಲ್ಲ. ಗಟ್ಟಿಯಾಗಿ, ನೋವಾಗಿ ಹೋದರೆ ಮಲಬದ್ಧತೆ. ಇನ್ನೊಂದು ತುದಿಯಲ್ಲಿ ಭೇದಿ. ಕೊಬ್ಬು ಒಮ್ಮೆಲೇ ಹೆಚ್ಚಾದಾಗ, ಅದರಲ್ಲೂ ಕರಗಿಸಿದ ತುಪ್ಪವನ್ನು ಬಟ್ಟಲುಗಟ್ಟಲೆ ಸುರಿದುಕೊಂಡಾಗ, ಜೀರ್ಣವಾಗದ ಕೊಬ್ಬೂ ಪಿತ್ತರಸವೂ ದೊಡ್ಡ ಕರುಳಿಗೆ ಇಳಿದು ನೀರು ಎಳೆಯುತ್ತವೆ. ಕೊಬ್ಬು ತೀರಾ ಕಮ್ಮಿಯಾದರೂ ತೊಂದರೆಯೇ. ಇನ್ಯೂಯಿಟ್ ಜನರ ಜೊತೆ ವರ್ಷಗಟ್ಟಲೆ ಬಾಳಿದ್ದ ವಿಲ್ಹಾಲ್ಮರ್ ಸ್ಟೆಫಾನ್ಸನ್ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಬರೀ ಮಾಂಸ ತಿನ್ನುವ ಪ್ರಯೋಗಕ್ಕೆ ಒಪ್ಪಿದರು. ಮೊದಲು ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಕೆಲವೇ ದಿನಗಳಲ್ಲಿ ವಾಕರಿಕೆ, ಭೇದಿ. ಕೊಬ್ಬು ಸೇರಿಸಿದ ಮೇಲೆ ಸುಧಾರಿಸಿತು. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲಾರೆನ್ಸ್ ಡೇವಿಡ್ ತಂಡದ ಅಧ್ಯಯನದಲ್ಲಿ ಐದು ದಿನದ ಪ್ರಾಣಿಜನ್ಯ ಊಟಕ್ಕೇ ಕರುಳಿನ ಬ್ಯಾಕ್ಟೀರಿಯಾಗಳ ಬಳಗ ಬದಲಾಗಿತ್ತು, ಪಿತ್ತರಸ ತಾಳಿಕೊಳ್ಳುವವು ಹೆಚ್ಚಿದ್ದವು.

ಲವಣವೂ ಹೊಟ್ಟೆ ಕೆಡಿಸುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟ ಉಪ್ಪುನೀರು ಕುಡಿ ಎಂಬ ಸೂಚನೆ ಆ ಪುಟದಲ್ಲಿತ್ತು. ಹಠಯೋಗದ ಶಂಖಪ್ರಕ್ಷಾಲನ ಗೊತ್ತಿರುವವರು ಇದನ್ನು ಓದಿ ನಗುತ್ತಾರೆ. ಅಲ್ಲಿ ಬೆಚ್ಚಗಿನ ಉಪ್ಪುನೀರನ್ನು ಲೋಟದ ಮೇಲೆ ಲೋಟ ಕುಡಿಯುವುದೇ ಕರುಳು ತೊಳೆದು ಹೋಗಲಿ ಎಂದು. ಸೆಳೆತಕ್ಕೆಂದು ತೆಗೆದುಕೊಳ್ಳುವ ಮೆಗ್ನೀಸಿಯಂ ಮಾತ್ರೆಯೂ, ಅದರಲ್ಲೂ ಆಕ್ಸೈಡ್ ರೂಪದ್ದು, ಭೇದಿ ಮಾಡಿಸುತ್ತದೆ. ಭೇದಿಯಾದರೆ ಲವಣ ಇನ್ನಷ್ಟು ಹೋಗುತ್ತದೆ, ಮತ್ತೆ ಮಾತ್ರೆ, ಮತ್ತೆ ಭೇದಿ.

ಕಳೆದ ಜುಲೈ ಮಳೆಯಲ್ಲಿ ಅವನಿಗೆ ನಿಜವಾದ ಭೇದಿ ಹಿಡಿಯಿತು. ಆಹಾರದ್ದಲ್ಲ, ಸೋಂಕಿನದು. ಎರಡನೇ ದಿನ ನಾನು ಹೋದಾಗ ಕಣ್ಣು ಗುಳಿಬಿದ್ದಿತ್ತು. ಮೇಜಿನ ಮೇಲೆ ಓಆರ್‌ಎಸ್ ಪೊಟ್ಟಣ ಒಡೆಯದೇ ಇತ್ತು. "ಅದರಲ್ಲಿ ಸಕ್ಕರೆ ಇದೆ ಅಕ್ಕಾ, ಉಪ್ಪುನೀರು ಕುಡೀತಿದ್ದೇನೆ" ಎಂದ.

ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಓಆರ್‌ಎಸ್‌ನಲ್ಲಿ ಸಕ್ಕರೆ ರುಚಿಗಲ್ಲ, ಶಕ್ತಿಗೂ ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲೊಂದಿದೆ. ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದ್ದು ಅದನ್ನು. ಕಾಲರಾದಂಥ ಭೇದಿಯಲ್ಲೂ ಆ ಬಾಗಿಲು ಕೆಡುವುದಿಲ್ಲ. ಅವೆರಡು ಒಳಹೋದರೆ ಹಿಂದೆಯೇ ನೀರು ಹೋಗುತ್ತದೆ. ಬರೀ ಉಪ್ಪುನೀರು ಆಗ ಸರಿಯಾಗಿ ಒಳಸೇರುವುದಿಲ್ಲ. 1971ರಲ್ಲಿ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದಿನ ಪೊಟ್ಟಣದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಆ ಹದಿಮೂರೂವರೆ ಗ್ರಾಮಿನಿಂದ ವರ್ಷದ ಪಥ್ಯ ಮುರಿದುಬೀಳುವುದಿಲ್ಲ.

ಚಿಕ್ಕಮ್ಮ ಇಷ್ಟೆಲ್ಲ ಕೇಳಿ, "ಅದ್ಕೇ ನಾವ್ ಗಂಜಿ ತಿಳಿ ಕೊಡುದ್" ಎಂದರು. ಸರಿಯೇ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿದರೆ ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿ ಅದೇ ಬಾಗಿಲು ತೆರೆಯುತ್ತದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾ ರೋಗಿಗಳಲ್ಲಿ ಪರೀಕ್ಷೆಯಾಗಿ ಗೆದ್ದಿದೆ. ಆದರೆ ಭೇದಿ ಜೋರಾಗಿದ್ದರೆ ಅಳತೆಯಿರುವ ಪೊಟ್ಟಣವೇ ಬೇಕು. ಅವನು ಕುಡಿದ, ಮರುದಿನ ಎದ್ದು ಕೂತ. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಓಆರ್‌ಎಸ್ ಹೆಸರಿನಲ್ಲಿ ಸಿಹಿ ಪಾನೀಯಗಳು ಬಹಳ ಕಾಲ ಮಾರಾಟವಾದವು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಹೆಸರು ಬಳಸಕೂಡದೆಂದಿತು.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದಾದ ಮೇಲೆ ಬಂದ ಮಾತು. ಮಗ ಹನ್ನೊಂದು ಕಿಲೋ ಇಳಿದದ್ದು ನೋಡಿ, "ನಾನೂ ಇದೇ ಮಾಡ್ತೆ" ಎಂದರು ಚಿಕ್ಕಮ್ಮ. ಅವರಿಗೆ ಅರವತ್ತೆರಡು. ಬಿಪಿಗೆ ಟೆಲ್ಮಿಸಾರ್ಟನ್, ಅದರ ಜೊತೆಯಲ್ಲೇ ಮೂತ್ರ ಹೆಚ್ಚಿಸುವ ಔಷಧ. ಅನ್ನ ಬಿಟ್ಟಾಗ ಮೂತ್ರಪಿಂಡ ತಾನಾಗಿ ಸೋಡಿಯಂ ಬಿಡುತ್ತದೆ, ಮಾತ್ರೆಯೂ ಅದನ್ನೇ ಮಾಡಿಸುತ್ತದೆ. ಎರಡೂ ಸೇರಿದರೆ ಬಿಪಿ ತೀರಾ ಇಳಿದು ಬಚ್ಚಲುಮನೆಯಲ್ಲಿ ಬೀಳುವುದು ದೂರದ ಮಾತಲ್ಲ. ಮಗನ ಹಾಗೆ ಉಪ್ಪು ಸುರಿದುಕೊಂಡರೆ ಬಿಪಿ ಏರಬಹುದು. ಅಂಗಡಿಯ 'ಲೋ ಸೋಡಿಯಂ' ಉಪ್ಪಿಗೆ ಬದಲಾದರೆ ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು.

ಠಾಣೆಯಲ್ಲಿ ಅವರನ್ನು ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿದರು. ಮಾತ್ರೆಯ ಲೆಕ್ಕ ಬದಲಿಸದೆ ಊಟ ಬದಲಿಸಬೇಡಿ, ಬೇಕಾದರೆ ಅನ್ನ ಅರ್ಧ ಮಾಡಿ ಎಂದರು. ಮಗನಿಗೂ ಕೊಲೆಸ್ಟರಾಲ್ ಪರೀಕ್ಷೆ ಬರೆದುಕೊಟ್ಟರು. ಚಿಕ್ಕಮ್ಮ ಒಪ್ಪಿದರು, ಅಷ್ಟೇನೂ ಸಂತೋಷದಿಂದಲ್ಲ.

ಈಗ ಆ ಮನೆಯಲ್ಲಿ ಸಾರು ಒಂದೇ, ಉಪ್ಪು ಎರಡು. ಚಿಕ್ಕಮ್ಮ ತಮ್ಮ ಲೆಕ್ಕಕ್ಕೆ ಕಮ್ಮಿ ಹಾಕಿ ಇಳಿಸುತ್ತಾರೆ. ಅವನು ತನ್ನ ಬಟ್ಟಲಿಗೆ ತೂಗಿ ಹಾಕಿಕೊಳ್ಳುತ್ತಾನೆ.